ಸಮುದ್ರಕ್ಕೆ ಸುತ್ತಿದ ಕಾಯಿಲ್

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮೋಟಾರು ಸುಟ್ಟರೆ ಜನ ಮೊದಲು ನೆನೆಯುವುದು ನಾಗಲಕ್ಷ್ಮಮ್ಮನನ್ನು. ನೇಕಾರರ ಮನೆಯ ಹೆಣ್ಣುಮಗಳು. ಗಂಡ ಸೀನಪ್ಪನಿಂದ ಮೋಟಾರಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಕೆಲಸ ಕಲಿತು, ಹತ್ತು ವರ್ಷದಲ್ಲಿ ಅವನನ್ನೇ ಮೀರಿಸಿದವಳು. ಮಗ್ಗದ ಮೋಟಾರಾಗಲಿ, ಬೋರ್‌ವೆಲ್ ಪಂಪಾಗಲಿ, ಬಿಚ್ಚಿ ಮೂಸಿ ನೋಡಿಯೇ ಏಕೆ ಸುಟ್ಟಿತೆಂದು ಹೇಳುತ್ತಾಳೆ. ಅವಳ ಅಂಗಡಿಗೆ ಸಮುದ್ರದ ಕೆಲಸ ತಂದವನು ಮನೋಹರ್.

ಮನೋಹರ್ ಊರಾಚೆ ಒಂದು ಶೆಡ್ಡು ಹಿಡಿದು, ಕಡಲಿನ ಅಲೆಯಿಂದ ಕರೆಂಟು ತೆಗೆಯುವ ಕಂಪನಿ ತೆರೆದಿದ್ದ. ಕಡಲು ಅಲ್ಲಿಂದ ಒಂದು ದಿನದ ಹಾದಿ. ಆ ಕೊರತೆ ತುಂಬಲು ಗೋಡೆಯ ತುಂಬ ಅಲೆ ಬರೆಸಿದ್ದ, ಕೆಲಸದವರಿಗೆಲ್ಲ ನೀಲಿ ಟೀ ಶರ್ಟು ತೊಡಿಸಿದ್ದ. ಯಂತ್ರವೇನೋ ಸರಳ. ತೇಲುವ ಡ್ರಮ್ಮು ಅಲೆಯ ಮೇಲೆ ಏರಿಳಿದಂತೆ ಒಳಗಿನ ಅಯಸ್ಕಾಂತ ತಾಮ್ರದ ಕಾಯಿಲ್ ನಡುವೆ ಮೇಲೆ ಕೆಳಗೆ ಓಡಬೇಕು, ಕರೆಂಟು ಹುಟ್ಟಬೇಕು. ಉಪಾಯ ನಾಗಲಕ್ಷ್ಮಮ್ಮನಿಗೆ ಹಿಡಿಸಿತು. ಮಗ್ಗದಲ್ಲಿ ಕರೆಂಟು ಲಾಳಿಯನ್ನು ಅತ್ತಿತ್ತ ಓಡಿಸುತ್ತದೆ. ಇಲ್ಲಿ ಓಡಾಟವೇ ಕರೆಂಟು ಕೊಡುತ್ತದೆ. ಹನ್ನೆರಡು ದಿನ ಕೂತು ಕಾಯಿಲ್ ಸುತ್ತಿಕೊಟ್ಟಳು.

ಆಮೇಲೆ ನಡೆದದ್ದು ಅವಳಿಗೆ ಹಿಡಿಸಲಿಲ್ಲ. ಶೆಡ್ಡಿನೊಳಗೆ ದೊಡ್ಡ ತೊಟ್ಟಿ ಕಟ್ಟಿ ನೀರು ತುಂಬಿಸಿದ್ದರು. ನೋಡಲು ಯಾರಾದರೂ ದೊಡ್ಡವರು ಬಂದರೆ ಇಬ್ಬರು ದಾಂಡಿಗರು ಹಲಗೆ ಹಿಡಿದು ನೀರು ತಳ್ಳುತ್ತಿದ್ದರು. ಡ್ರಮ್ಮು ಕುಣಿಯುತ್ತಿತ್ತು, ಒಂದು ಪುಟ್ಟ ಬಲ್ಬು ಮಿಣುಕುತ್ತಿತ್ತು, ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಅದೇ ಇಬ್ಬರನ್ನು ಸೈಕಲ್ ಡೈನಮೋ ತುಳಿಯಲು ಕೂರಿಸಿದ್ದರೆ ಇದಕ್ಕಿಂತ ಚೆನ್ನಾಗಿ ಬೆಳಕು ಬರುತ್ತಿತ್ತೆಂದು ಅವಳು ಗಂಡನ ಹತ್ತಿರ ಹೇಳಿದಳು.

ಡ್ರಮ್ಮನ್ನು ಮಲ್ಪೆಯ ಕಡಲಿಗೆ ಸಾಗಿಸುವ ಮುಂಚೆ, ಒಳಗೆ ನೀರು ನುಗ್ಗದಂತೆ ತಡೆಯುವ ಅದರ ಸೀಲ್ ಮುಟ್ಟಿ ನೋಡಿದಳು. ಬೋರ್‌ವೆಲ್ ಪಂಪಿಗೆ ಹಾಕುವ ಸಾಧಾರಣ ರಬ್ಬರು.

"ಸಾರ್, ಇದು ಸಿಹಿನೀರಿಗೇ ಎರಡು ವರ್ಷ ಬಂದ್ರೆ ಹೆಚ್ಚು. ಉಪ್ಪುನೀರಲ್ಲಿ ಬಾಳಲ್ಲ."

"ನಾಗಲಕ್ಷ್ಮಮ್ಮ, ನೀವು ವೈಂಡಿಂಗ್ ನೋಡ್ಕೊಳ್ಳಿ. ಸಮುದ್ರ ನಾನು ನೋಡ್ಕೋತೀನಿ," ಎಂದ ಮನೋಹರ್.

ಮಲ್ಪೆಯಲ್ಲಿ ಅವನು ಸಮುದ್ರ ನೋಡಿಕೊಂಡದ್ದು ಪ್ಯಾಂಟು ಮಡಚಿ, ಪಾದ ನೆನೆಯುವಷ್ಟು ಮಾತ್ರ. ಮೊದಲ ದಿನ ಬಲ್ಬು ಹತ್ತಿತು. ಫೋಟೋ ಎಲ್ಲ ಕಡೆ ಹೋಯಿತು. ನಾಲ್ಕನೆಯ ದಿನ ಡ್ರಮ್ಮು ಅರ್ಧ ಮುಳುಗಿತು. ಮೀನುಗಾರರು ದೋಣಿಯಲ್ಲಿ ಹೋಗಿ ಎಳೆದು ತಂದುಕೊಟ್ಟರು.

ವಾರದ ಮೇಲೆ, ಬಂಡವಾಳ ಹಾಕಿದವರು ಶೆಡ್ಡಿಗೆ ಬಂದಾಗ, ಲೋಕಲ್ ವೈಂಡಿಂಗ್ ಕೈಕೊಟ್ಟಿತೆಂದು ಮನೋಹರ್ ಮುಖ ಸಣ್ಣದು ಮಾಡಿಕೊಂಡು ವಿವರಿಸುತ್ತಿದ್ದ. ಕಿರಿಯ ಇಂಜಿನಿಯರ್ ನವೀನ್‌ಕುಮಾರ್ ತಡೆಯಲಾರದೆ ನಾಗಲಕ್ಷ್ಮಮ್ಮನಿಗೆ ಫೋನು ಮಾಡಿದ್ದ. ಅವಳು ತನ್ನ ಸ್ಪ್ಯಾನರು, ಟೆಸ್ಟ್ ಲ್ಯಾಂಪು ಹಿಡಿದು ಬಂದಳು. ಯಾರನ್ನೂ ಕೇಳದೆ ಡ್ರಮ್ಮಿನ ಬೋಲ್ಟು ಬಿಚ್ಚಿದಳು. ಹಸಿರುಗಟ್ಟಿದ ನೀರು ಬಂದವರ ಬೂಟಿನವರೆಗೆ ಹರಿಯಿತು. ಸೀಲ್ ಸೀಳಿಹೋಗಿತ್ತು. ಕಾಯಿಲ್ ತುದಿಗಳಿಗೆ ಲ್ಯಾಂಪು ಹಿಡಿದಳು, ಹತ್ತಿತು. ಒಂದು ಎಳೆಯೂ ತುಂಡಾಗಿರಲಿಲ್ಲ.

"ನನ್ನ ಕೆಲಸ ಇಲ್ಲಿದೆ, ನೋಡಿ. ನೀವು ನೋಡ್ಕೋತೀನಿ ಅಂದಿದ್ದು ನೆಲದ ಮೇಲೆ ಹರೀತಾ ಇದೆ," ಎಂದಳು.

ಮನೋಹರ್ ಕ್ಷಮೆ ಕೇಳಲಿಲ್ಲ. ಅಂಥವರು ಕೇಳುವುದೂ ಇಲ್ಲ. ವರ್ಷ ತುಂಬುವುದರೊಳಗೆ ಗೋಡೆಯ ಅಲೆಗಳಿಗೆ ಸುಣ್ಣ ಬಳಿಸಿ, ಈಗ ಗಾಳಿಯಿಂದ ಕುಡಿಯುವ ನೀರು ತೆಗೆಯುವ ಕಂಪನಿ ನಡೆಸುತ್ತಿದ್ದಾನೆ. ಭಾಷಣಕ್ಕೆ ಕರೆದಲ್ಲೆಲ್ಲ ಹೋಗುತ್ತಾನೆ.

ನವೀನ್‌ಕುಮಾರ್ ಆ ಕೆಲಸ ಬಿಟ್ಟು ಕರಾವಳಿಯ ಒಂದು ಕಾಲೇಜು ಸೇರಿದ. ಹೋದ ಬೇಸಿಗೆಯಲ್ಲಿ ಹೊಸ ಡ್ರಮ್ಮಿನ ನಕ್ಷೆ ಹಿಡಿದು ಅಂಗಡಿಗೆ ಬಂದ. ನಾಗಲಕ್ಷ್ಮಮ್ಮ ಅದನ್ನು ಮೇಜಿನ ಮೇಲೆ ಹರಡಿ, ಸೀಲಿನ ಜಾಗದಲ್ಲಿ ಬೆರಳಿಟ್ಟು, ಅದರ ಹೊರಗೆ ಇನ್ನೊಂದು ಸೀಲ್ ಬರೆಯಲು ಹೇಳಿದಳು. ಡ್ರಮ್ಮು ಒಂದು ಮಳೆಗಾಲ ಕಡಲಲ್ಲಿ ಇದ್ದು ಬರುವವರೆಗೆ ಒಂದೂ ಫೋಟೋ ತೆಗೆಯಬಾರದೆಂದು ಅವನಿಂದ ಮಾತು ತೆಗೆದುಕೊಂಡು, ತಂತಿ ಸುತ್ತಲು ಕುಳಿತಳು.