ಅಕ್ಕ ಮೂಸಿ ನೋಡಿದ ಮೂರು ಗಾಡಿಗಳು

ಹೋದ ವಾರ ಪಕ್ಕದ ಮನೆಯವರು ಹಳೆಯ ಕಾರೊಂದನ್ನು ಕೊಳ್ಳುವ ಮುಂಚೆ ಒಮ್ಮೆ ನೋಡಿಕೊಡಿ ಎಂದು ನನ್ನನ್ನು ಕರೆದುಕೊಂಡು ಹೋದರು. ನಾನು ಬಾನೆಟ್ ಎತ್ತಿಸಲಿಲ್ಲ, ಟೈರಿಗೆ ಒದೆಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ಗಾಜುಗಳನ್ನೆಲ್ಲ ಏರಿಸಿ, ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದುಕೊಂಡೆ. ಕಾರಿನವನು ಇವರಿಗೆ ಮೈ ಸರಿಯಿಲ್ಲವೇನೋ ಎಂದುಕೊಂಡು ನೀರು ತಂದುಕೊಟ್ಟ. ಅವನಿಗೆ ನಾನು ಏನೆಂದು ಹೇಳಲಿ? ಈ ವಿದ್ಯೆಯನ್ನು ನಾನು ಕಲಿತದ್ದು ಕಾರು ಬಿಡಲು ಬಾರದ, ಕಾರಿನ ಹೆಸರುಗಳನ್ನೂ ಸರಿಯಾಗಿ ಹೇಳಲು ಬಾರದ ನನ್ನ ಅಕ್ಕನಿಂದ.

ನಾವು ಬೈಲಹೊಂಗಲದವರು. ನಾನು ಅಲ್ಲಿಯೇ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಅಕ್ಕನನ್ನು ಎರಡು ಓಣಿ ಆಚೆಗೆ, ಊರಲ್ಲೇ ಕೊಟ್ಟಿದ್ದರು. ನಡುವಿನವಳು ಕಸ್ತೂರಿ. ಅವಳ ಗಂಡನದು ಹತ್ತಿಯ ಗುಣ ನೋಡುವ ಕೆಲಸ. ಮದುವೆಯಾದ ಕೆಲವೇ ವರ್ಷಕ್ಕೆ ಅವರು ದೂರದ, ನಾಂದೇಡದಾಚೆಯ ಅಮರಾವತಿಗೆ ಹೋಗಿ ನೆಲೆಸಿದರು. ಎರಡು ಮೂರು ವರ್ಷಕ್ಕೊಮ್ಮೆ ಕಸ್ತೂರಿಯೇ ಬಂದು ಹೋಗುತ್ತಿದ್ದಳು. ಅಕ್ಕ ಮಾತ್ರ ಒಮ್ಮೆಯೂ ಹೋಗಿರಲಿಲ್ಲ. ಕಾರಣ ಬಸ್ಸಿನ ವಾಸನೆ. ಡೀಸೆಲ್ ಹೊಗೆ ಮೂಗಿಗೆ ಬಡಿದರೆ ಸಾಕು, ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ರೈಲು ಹಿಡಿಯಲಿಕ್ಕೂ ಮೊದಲು ಬಸ್ಸಿನಲ್ಲಿ ಬೆಳಗಾವಿಗೆ ಹೋಗಬೇಕಲ್ಲ. ಧಾರವಾಡದ ಒಂದು ಮದುವೆಗೆ ಹೊರಟವಳು ದಾರಿಯಲ್ಲೇ ಇಳಿದು, ನೆರಳಲ್ಲಿ ಮಲಗಿ, ಸಂಜೆ ಮನೆಗೆ ವಾಪಸು ಬಂದದ್ದನ್ನು ನಾನು ವರ್ಷಗಟ್ಟಲೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಅಕ್ಕನೂ ನಗುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ಕಸ್ತೂರಿಗೆ ಬೆನ್ನಿನ ಆಪರೇಷನ್ ಆಯಿತು. ದೂರದ ಪ್ರಯಾಣ ಇನ್ನು ಮೇಲೆ ಬೇಡವೆಂದರು ಡಾಕ್ಟರು. ಆಗ ಅವಳೊಂದು ಪತ್ರ ಬರೆದಳು. ಇನ್ನು ನಾನು ಬರಲಾರೆ, ನೀನು ನನ್ನ ಮನೆಯನ್ನು ಒಮ್ಮೆಯೂ ನೋಡಲಿಲ್ಲ ಎಂದಿತ್ತು ಅದರಲ್ಲಿ, ಅಷ್ಟೇ. ಅಕ್ಕ ಆ ಪತ್ರವನ್ನು ಮಡಿಚಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ತನಗಾಗಿ ಏನನ್ನೂ ಕೇಳಿದವಳಲ್ಲ. "ಡೀಸೆಲ್ ನಾರದ ಗಾಡಿ ಎಲ್ಲ್ಯರ ಸಿಗತೈತೇನು, ತಮ್ಮಾ?" ಎಂದು ಕೇಳಿದಳು.

ಬಾಡಿಗೆಗೆ ಸಿಗುವ ಗಾಡಿಗಳೆಲ್ಲ ಆಗ ಡೀಸೆಲಿನವೇ. ನನಗೂ ಒಂದು ಕಾರು ಬೇಕೆಂಬ ಆಸೆ ಒಳಗೊಳಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಹಳೆಯದೊಂದನ್ನು ಕೊಂಡುಬಿಡೋಣ ಎಂದೆ. ವಿಜ್ಞಾನದ ಮಾಸ್ತರ ನೋಡಿ, ಏನೇನು ಪರೀಕ್ಷಿಸಬೇಕೆಂದು ಒಂದು ಹಾಳೆಯ ತುಂಬ ಬರೆದುಕೊಂಡೆ. ನಮ್ಮೂರಿನ ಮೆಕ್ಯಾನಿಕ್ ಮೌಲಾಸಾಬನನ್ನು ಜೊತೆಗೆ ಕರೆದೆ. ಅಕ್ಕ ತಾನೂ ಬರುತ್ತೇನೆಂದಳು. ಕೂಡುವವಳು ತಾನಾದ ಮೇಲೆ ಕೂತು ನೋಡುವವಳೂ ತಾನೇ ಎಂಬುದು ಅವಳ ವಾದ. ಬಸ್ಸಿಗೆ ಆಗದವಳನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರೂರು ತಿರುಗಿದೆ. ಮೌಲಾಸಾಬ ತನ್ನ ಮೋಟಾರ್ ಸೈಕಲ್ಲಿನ ಮೇಲೆ ಹಿಂದೆ ಬರುತ್ತಿದ್ದ.

ಮೊದಲು ಹೋದದ್ದು ಎಂ.ಕೆ. ಹುಬ್ಬಳ್ಳಿಗೆ. ಕಬ್ಬು ಸಾಗಿಸುವ ಗುತ್ತಿಗೆದಾರರೊಬ್ಬರ ಅಂಬಾಸಿಡರ್. ಪೆಟ್ರೋಲಿನದೆಂದು ಯಾರೋ ಹೇಳಿದ್ದರು, ಹೋಗಿ ನೋಡಿದರೆ ಅದಕ್ಕೆ ಡೀಸೆಲ್ ಇಂಜಿನ್ ಕೂಡಿಸಿದ್ದರು. ಅಕ್ಕ ಹತ್ತು ಹೆಜ್ಜೆ ದೂರದಲ್ಲೇ ನಿಂತು ಸೆರಗನ್ನು ಮೂಗಿಗೆ ಹಿಡಿದಳು. ಅಲ್ಲಿಗೆ ಮುಗಿಯಿತು.

ಎರಡನೆಯದು ಸವದತ್ತಿಯಲ್ಲಿ, ಕಾಳುಕಡಿಯ ವ್ಯಾಪಾರಿಯೊಬ್ಬರ ಬಿಳಿಯ ಕಾರು. ನೋಡಿದ ಕೂಡಲೇ ನನಗೆ ಮನಸ್ಸು ಬಂತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸೀಟಿಗೆ ಹೊಸ ಕವರು, ಕಾಲ ಕೆಳಗೆ ಹೊಸ ಮ್ಯಾಟು, ಒಳಗೆ ಅತ್ತರಿನ ಪರಿಮಳ. ಮೌಲಾಸಾಬ ಇಂಜಿನ್ ಚಾಲೂ ಮಾಡಿ, ಸದ್ದು ಕೇಳಿ, ಹೊಗೆ ನೋಡಿ, ತಲೆಯಾಡಿಸಿದ. ನನ್ನ ಹಾಳೆಯಲ್ಲಿದ್ದ ಪ್ರಶ್ನೆಗಳಿಗೆಲ್ಲ ಸರಿ ಉತ್ತರ ಸಿಕ್ಕಿತ್ತು. ವ್ಯಾಪಾರಿಗಳು ಚಹಾ ತರಿಸಿದರು. ಅಕ್ಕ ಮಾತ್ರ ಚಹಾಕ್ಕೆ ಬರದೆ ಹಿಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ಕೂತೇ ಇದ್ದಳು. ಹದಿನೈದು ನಿಮಿಷ ಕಳೆದಿರಬೇಕು. ಬಾಗಿಲು ತೆಗೆದು ಇಳಿದು ನನ್ನ ಹತ್ತಿರ ಬಂದಳು.

"ಇದರಾಗ ನೀರ ನಿಂತಿತ್ತು, ತಮ್ಮಾ. ತೊಯ್ದ ಗೋಣಿಚೀಲ ನಾಕ ದಿನಾ ಮೂಲ್ಯಾಗ ಬಿದ್ದಿದ್ರ ಹೆಂಗ ನಾರತೈತಿ, ಹಂಗ ಐತಿ."

ನನಗೆ ನಾಚಿಕೆಯಾಯಿತು, ಅಕ್ಕನ ಪರವಾಗಿ. ಅತ್ತರಿನ ಪರಿಮಳ ಬಿಟ್ಟು ನನ್ನ ಮೂಗಿಗೆ ಬೇರೇನೂ ಬಡಿದಿರಲಿಲ್ಲ. ವ್ಯಾಪಾರಿಗಳು ನಕ್ಕು, ಅಕ್ಕಾರಿಗೆ ಭಾಸವಾಗಿರಬೇಕು ಎಂದರು. ಮೌಲಾಸಾಬ ನಗಲಿಲ್ಲ. ಸುಮ್ಮನೆ ಹೋಗಿ ಹೊಸ ಮ್ಯಾಟನ್ನು ಎತ್ತಿದ. ಕೆಳಗಿನ ತಗಡಿಗೆ ತುಕ್ಕು ಹಿಡಿದಿತ್ತು. ಸೀಟನ್ನು ಸರಿಸಿ ಕೈ ಹಾಕಿದ. ಒಣಗಿದ ಸಣ್ಣ ಮಣ್ಣು ಬೆರಳಿಗೆ ಅಂಟಿಕೊಂಡು ಬಂತು. ವ್ಯಾಪಾರಿಗಳು ಆಮೇಲೆ ತಾವಾಗಿಯೇ ಒಪ್ಪಿಕೊಂಡರು. ಹೋದ ಮಳೆಗಾಲದಲ್ಲಿ ಹಳ್ಳದ ದಂಡೆಯಲ್ಲಿ ನಿಲ್ಲಿಸಿದಾಗ ನೀರು ಏರಿ ಸೀಟಿನ ತನಕ ಬಂದಿತ್ತಂತೆ.

"ಮಾಸ್ತರ್ರ, ಇಂಜಿನ್ ಚಲೋ ಐತಿ, ಖರೇ," ಎಂದ ಮೌಲಾಸಾಬ. "ಆದ್ರ ವೈರ್ ಒಳಗಿಂದೊಳಗ ಕೊಳಿತಾವು. ಊರಾಗ ಅಡ್ಡಾಡಾಕ ತಗೋರಿ. ಅಮರಾವತಿಗೆ ಬ್ಯಾಡ."

ವಾಪಸು ಬರುವಾಗ ಯರಗಟ್ಟಿಯಲ್ಲಿ ಚಹಾಕ್ಕೆಂದು ನಿಂತೆವು. ಆ ಹಾಳೆಯನ್ನು ನಾನು ಅಲ್ಲೇ ಹರಿದು ಹಾಕಿದೆ. ಅಕ್ಕನ ಮುಖ ಸಣ್ಣದಾಗಿತ್ತು. ತನ್ನಿಂದಾಗಿ ಒಳ್ಳೆಯ ಗಾಡಿ ತಪ್ಪಿತೇ ಎಂಬ ಅನುಮಾನ ಅವಳಿಗೆ. ಅವಳು ಮೂಸಿ ಹೇಳದಿದ್ದರೆ ನಾನೂ ಅವಳೂ ಅಮರಾವತಿಯ ದಾರಿಯಲ್ಲಿ ಎಲ್ಲೋ ಊರಿಲ್ಲದ ಕಡೆ ನಿಂತಿರುತ್ತಿದ್ದೆವು ಎಂದು ಮೌಲಾಸಾಬನೇ ಅವಳಿಗೆ ಸಮಾಧಾನ ಹೇಳಿದ.

ಮೂರನೆಯದು ರಾಮದುರ್ಗದಲ್ಲಿ ಸಿಕ್ಕಿತು. ನಿವೃತ್ತರಾದ ದನದ ಡಾಕ್ಟರೊಬ್ಬರ ಹಳೆಯ ಫಿಯಾಟ್. ಬಣ್ಣ ಮಾಸಿತ್ತು, ಒಂದು ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. ನನ್ನ ಕಣ್ಣಿಗೆ ಹಿಡಿಸಲಿಲ್ಲ. ಡಾಕ್ಟರು ಗಾಡಿಯ ಗುಣ ಹೇಳುವ ಬದಲು ಅದರ ಊನಗಳನ್ನೇ ಹೇಳತೊಡಗಿದರು.

"ಬಿಸಿಲ ಏರಿದ ಮ್ಯಾಲೆ ಇದು ಒಮ್ಮೊಮ್ಮೆ ನಿಂತ ಬಿಡತೈತಿ. ಗಾಬರಿ ಆಗಬ್ಯಾಡ್ರಿ. ಇಂಜಿನ್ನಿಗೆ ಪೆಟ್ರೋಲ್ ಎಳಿಯೂ ಪಂಪಿನ ಮ್ಯಾಲೆ ತೊಯ್ದ ಅರಿವಿ ಹಾಕಿ ಹತ್ತು ಮಿನಿಟ್ ಕುಂಡ್ರಿ. ತಾನ ಚಾಲೂ ಆಕ್ಕೈತಿ."

ಬಾನೆಟ್ ಎತ್ತಿ ಆ ಪಂಪು ಎಲ್ಲಿದೆಯೆಂದೂ ತೋರಿಸಿದರು. ಮಾರುವವರೇ ಹೀಗೆ ಹೇಳಿದರೆ ಕೊಳ್ಳುವವರು ಏನು ಮಾಡಬೇಕು? ಮೌಲಾಸಾಬ ಗಾಡಿಯನ್ನು ಊರಾಚೆ ಹತ್ತು ಮೈಲಿ ಓಡಿಸಿದ. ಅಕ್ಕ ಈ ಸಲವೂ ಹಿಂದೆ, ಗಾಜು ಏರಿಸಿಕೊಂಡು. ಏನು ಅನ್ನಿಸಿತು ಎಂದು ಕೇಳಲು ನಾನು ತಿರುಗಿ ನೋಡಿದರೆ, ಬಾಗಿಲಿಗೆ ತಲೆ ಆನಿಸಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಚಲಿಸುವ ಗಾಡಿಯಲ್ಲಿ ಅಕ್ಕ ಮಲಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಮೌಲಾಸಾಬ ಗೇರು ಬದಲಿಸುವಾಗಲೂ ಸದ್ದಾಗದಂತೆ ನಿಧಾನಕ್ಕೆ ಬದಲಿಸಿದ. ಆ ಗಾಡಿಯನ್ನೇ ತೆಗೆದುಕೊಂಡೆವು.

ದಸರಾ ರಜೆಗೆ ನನ್ನ ಹೆಂಡತಿ, ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಅಷ್ಟರಲ್ಲಿ ಮೌಲಾಸಾಬನಿಂದ ಕಾರು ಬಿಡುವುದನ್ನು ಕಲಿತಿದ್ದ ನಾನು ಅಕ್ಕನನ್ನು ಕೂರಿಸಿಕೊಂಡು ಹೊರಟೆ. ಮೂರು ದಿನದ ದಾರಿ. ಸೊಲ್ಲಾಪುರ ದಾಟುವ ತನಕ ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಯಾರ ಹೊಲದಲ್ಲಿ ಏನು ಬೆಳೆ, ಯಾವ ಊರಿನ ಹೆಂಗಸರು ಸೀರೆ ಹೇಗೆ ಉಟ್ಟಿದ್ದಾರೆ, ಎಲ್ಲವನ್ನೂ ನನಗೆ ಹೇಳುತ್ತ ಬಂದಳು. ನಾಂದೇಡದ ಹತ್ತಿರ ನಡುಮಧ್ಯಾಹ್ನ ಗಾಡಿ ನಿಂತಿತು. ನಾನು ಬಾನೆಟ್ ಎತ್ತಿದೆ. ಅಕ್ಕ ನೀರಿನ ಕ್ಯಾನು ಹಿಡಿದು ಇಳಿದಳು, ಟವೆಲ್ಲು ತೋಯಿಸಿ ಕೊಟ್ಟಳು. ಅದನ್ನು ಪಂಪಿನ ಮೇಲೆ ಹಾಕಿ, ಬೇವಿನ ನೆರಳಲ್ಲಿ ಕೂತು ಇಬ್ಬರೂ ಕಟಕ್ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ಕೀಲಿ ತಿರುವಿದ ಕೂಡಲೇ ಗಾಡಿ ಚಾಲೂ ಆಯಿತು. ರಾಮದುರ್ಗದ ಆ ಡಾಕ್ಟರನ್ನು ನಾನು ಮನಸ್ಸಿನಲ್ಲೇ ನೆನೆದೆ.

ಅಮರಾವತಿಯಲ್ಲಿ ಅಕ್ಕ ಮೊದಲು ಮಾಡಿದ್ದು ತಂಗಿಯ ಮನೆಯ ಒಂದೊಂದು ಕೋಣೆಯನ್ನೂ ನೋಡಿ ಬಂದದ್ದು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡಿದ್ದ ಕಸ್ತೂರಿ ಗೋಡೆ ಹಿಡಿದು ಅವಳ ಹಿಂದೆ ಹಿಂದೆ ನಡೆಯುತ್ತಿದ್ದಳು. ಎರಡನೆಯ ದಿನ ಊಟಕ್ಕೆ ಕೂತಾಗ ನಾನು ಸವದತ್ತಿಯ ಕಾರಿನ ಕತೆ ಹೇಳಿದೆ. ಜೊತೆಗೆ ನನ್ನ ಹಳೆಯ ಧಾರವಾಡದ ಮದುವೆಯ ಕತೆಯನ್ನೂ ಸೇರಿಸಿ, ಅಕ್ಕನ ಮೂಗಿನ ಬಗ್ಗೆ ಚೇಷ್ಟೆ ಮಾಡಿದೆ. ಅಕ್ಕ ಹಿತ್ತಲಲ್ಲಿದ್ದಳು. ಕಸ್ತೂರಿ ನಗಲಿಲ್ಲ.

"ಅಕಿಗೆ ಮೊದಲ ಹಿಂಗ ಇರಲಿಲ್ಲೋ," ಎಂದಳು. "ನೀ ಎರಡ ವರ್ಷದಾಂವ ಇದ್ದಿ. ಉಸಿರ ಹತ್ತಲಾರದಂಗಾತು. ಅವ್ವ ಜ್ವರ ಬಂದು ಮಲಗಿದ್ಲು, ಅಪ್ಪ ಊರಾಗಿರಲಿಲ್ಲ. ಅಕ್ಕಗ ಹದಿನಾಕ ವರ್ಷ. ಒಬ್ಬಾಕೀನ ನಿನ್ನ ಎತ್ತಿಕೊಂಡು ಬೆಳಗಾವಿ ಬಸ್ ಹತ್ತಿದ್ಲು. ಹೊಗಿ ಎಲ್ಲಾ ಒಳಗ ಬರತಿತ್ತಂತ. ನಿನಗ ಹತ್ತಬಾರದು ಅಂತ ಸೆರಗಿನಾಗ ನಿನ್ನ ಮಾರಿ ಮುಚ್ಚಿ, ತಾ ಕುಡದ್ಲು ಅದನ್ನ, ಎರಡ ತಾಸು. ಅವತ್ತಿನಿಂದ ಅಕಿಗೆ ಇದು ಹಿಡೀತು."

ನಲವತ್ತರ ಹತ್ತಿರದ ಮನುಷ್ಯ ನಾನು, ಈ ಮಾತನ್ನು ಅದೇ ಮೊದಲು ಕೇಳಿದ್ದು. ಅಕ್ಕ ಹಿತ್ತಲಿಂದ ಬಂದು, ಪಲ್ಯ ಬಡಿಸಲೇ ಎಂದು ಕೇಳಿದಳು. ಧಾರವಾಡದ ಆ ಕತೆಯನ್ನು ಅಂದಿನಿಂದ ನಾನು ಯಾರಿಗೂ ಹೇಳಿಲ್ಲ, ಇಂದು ನಿಮಗೆ ಹೇಳಿದ್ದನ್ನು ಬಿಟ್ಟರೆ.

ಆ ಫಿಯಾಟ್ ನಮ್ಮ ಬಳಿ ಎಂಟು ವರ್ಷ ಇತ್ತು. ಅದರಲ್ಲಿ ಅಕ್ಕ ಇನ್ನೂ ಮೂರು ಸಲ ಅಮರಾವತಿಗೆ ಹೋಗಿ ಬಂದಳು. ಮೊದಲೆಲ್ಲ ಅಕ್ಕತಂಗಿಯರ ಫೋನು ಆರಾಮೇನು, ಆರಾಮ ಎನ್ನುವಷ್ಟರಲ್ಲಿ ಮುಗಿಯುತ್ತಿತ್ತು. ಮನೆ ನೋಡಿ ಬಂದ ಮೇಲೆ ಮಾತು ಮುಗಿಯುತ್ತಲೇ ಇರಲಿಲ್ಲ. ಹಿತ್ತಲಿನ ಕರಿಬೇವು ಚಿಗುರಿತೇ, ಅಡುಗೆಮನೆಯ ಕಿಟಕಿಗೆ ಬಿಸಿಲು ಇನ್ನೂ ಬರುತ್ತದೆಯೇ ಎಂದು ಅಕ್ಕ ಕೇಳುತ್ತಿದ್ದಳು. ಈಗಲೂ ಕೇಳುತ್ತಾಳೆ.

ಅವಳಿಗೆ ಈಗ ಎಂಬತ್ತರ ಹತ್ತಿರ. ಮೊನ್ನೆ ಸಂಜೆ ಅವಳ ಕಟ್ಟೆಯ ಮೇಲೆ ಕೂತಿದ್ದಾಗ, ಇಷ್ಟು ವರ್ಷ ಬಾಯಿಗೆ ಬಾರದ್ದನ್ನು ಕೇಳಿಯೇಬಿಟ್ಟೆ. ಬೆಳಗಾವಿಯ ಆ ಬಸ್ಸು ನಿನಗೆ ನೆನಪಿದೆಯೇ ಎಂದೆ. ನನ್ನಿಂದ ನಿನಗೆ ಎಷ್ಟು ತ್ರಾಸಾಯಿತು ಎಂದು ಮುಂದುವರಿಸುವಷ್ಟರಲ್ಲಿ ಅವಳು ಕೈಯಾಡಿಸಿ ತಡೆದಳು.

"ಬಸ್ ಎಲ್ಲಿ ನೆನಪಿಡ್ಲಿ. ದವಾಖಾನಿ ಮೆಟ್ಟಲಾ ಏರೂಮುಂದ ನೀ ಜೋರಾಗಿ ಅಳಾಕ ಹತ್ತಿದಿ. ಅಳತಾನಂದ್ರ ಉಸಿರ ಐತಿ ಅಂತ ನಾ ಅಲ್ಲೇ ಕುಂತ ನಕ್ಕಬಿಟ್ಟೆ. ಮಂದಿ ಎಲ್ಲಾ, ಈ ಹುಡುಗಿಗೆ ಏನಾಗೇತಿ ಅಂತ ನೋಡಾಕ ಹತ್ತಿದ್ರು."

ಹೇಳುತ್ತ ಅವಳು ಮತ್ತೆ ನಕ್ಕಳು. ಹದಿನಾಲ್ಕು ವರ್ಷದ ಆ ಹುಡುಗಿ ನಕ್ಕದ್ದು ಹೀಗೇ ಇದ್ದಿರಬೇಕು. ನಾನು ಅವಳ ಪಕ್ಕದಲ್ಲಿ, ಅರವತ್ತೆಂಟು ವರ್ಷದ ಉಸಿರನ್ನು ಒಳಗೆಳೆದುಕೊಳ್ಳುತ್ತ, ಬಿಡುತ್ತ ಕೂತಿದ್ದೆ.