ಬೆಳಕಿನ ಸರಾಸರಿ

ಫೋಟೋ ಕಪ್ಪಾಗಿ ಬಂದರೆ ಕ್ಯಾಮೆರಾವನ್ನು ದೂರುವುದು ನನ್ನಂಥ ಹವ್ಯಾಸಿಗಳ ಜನ್ಮಸಿದ್ಧ ಹಕ್ಕು. ದೋಷವೆಲ್ಲ ಯಂತ್ರದ್ದು, ಪ್ರತಿಭೆ ಮಾತ್ರ ನಮ್ಮದು. ಔರಾದಿನಲ್ಲಿ ಅಕ್ಕನ ಮಗಳ ಮದುವೆ ನಡೆದದ್ದು ಸುಡುಬಿಸಿಲಿನ ಮಧ್ಯಾಹ್ನ. ಆದರೆ ಚರ್ಚಿನ ಬಾಗಿಲಲ್ಲಿ ನಾನು ತೆಗೆದ ಫೋಟೋಗಳೆಲ್ಲ ನನಗೆ ಮುಸ್ಸಂಜೆಯಂತೆ ಕಂಡವು. ಕ್ಷಮೆ ಕೇಳೋಣವೆಂದು ಭಾಲ್ಕಿಗೆ ಫೋನ್ ಮಾಡಿದರೆ, ಅಲ್ಲಿ ನರ್ಸ್ ಆಗಿರುವ ಅಕ್ಕ ನಕ್ಕುಬಿಟ್ಟಳು: "ಎಲ್ಲಿ ಕತ್ತಲಿ ಅದನೋ? ಭಾಳ ಚೊಲೋ ಬಂದಾವಲ್ಲ!"

ಅಕ್ಕಂದಿರ ಪ್ರೀತಿ ಪುರಾವೆಯಾಗದು. ಬೀದರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಿ ಹೊಟ್ಟೆ ಹೊರೆಯುವ ನಾನು ಗಣಿತದ ಮೊರೆಹೊಕ್ಕೆ. ಡಿಜಿಟಲ್ ಚಿತ್ರವೆಂದರೆ ಲಕ್ಷಾಂತರ ಚುಕ್ಕಿಗಳ ರಂಗೋಲಿ. ಪ್ರತಿ ಚುಕ್ಕಿಗೂ ಬೆಳಕಿನದೊಂದು ಅಂಕಿ, ಕಡುಗಪ್ಪಿಗೆ ಸೊನ್ನೆ, ಅಚ್ಚಬಿಳುಪಿಗೆ ಇನ್ನೂರೈವತ್ತೈದು. ಎಲ್ಲವನ್ನೂ ಕೂಡಿಸಿ ಚುಕ್ಕಿಗಳ ಸಂಖ್ಯೆಯಿಂದ ಭಾಗಿಸಿದರೆ ಚಿತ್ರದ ಸರಾಸರಿ ಬೆಳಕು. ಪುಟ್ಟದೊಂದು ಕೋಡ್ ಬರೆದು ಓಡಿಸಿದೆ. ನೂರೈವತ್ತರ ಮೇಲೆ ಬಂತು, ಬೆಳಕಿಗೇನೂ ಕೊರತೆಯಿರಲಿಲ್ಲ. ಕೋಡೇ ತಪ್ಪಿರಬೇಕೆಂದು, ಬೆಳ್ಳಗಿದ್ದುದಾಗಿ ಚೆನ್ನಾಗಿ ನೆನಪಿದ್ದ ಹಳೆಯ ಫೋಟೋಗಳನ್ನೂ ಅಳೆದೆ. ಅವುಗಳ ಅಂಕಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ತೆರೆದು ನೋಡಿದರೆ ಅವೂ ಮಬ್ಬು.

ಕತ್ತಲೆ ಚಿತ್ರದಲ್ಲಿಲ್ಲವಾದರೆ ನನ್ನಲ್ಲಿದೆ.

ಸಾಲಿ ಮಾಸ್ತರರಾಗಿದ್ದ ಅಪ್ಪ ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸಿನಲ್ಲೇ "ಈ ಬಲ್ಬಿನಾಗ ದಮ್ ಇಲ್ಲ" ಎನ್ನುತ್ತ ಬಲ್ಬುಗಳನ್ನು ಬದಲಿಸುತ್ತ ಹೋಗಿ, ಕೊನೆಗೊಂದು ದಿನ ನಡುಹಗಲಿನಲ್ಲಿ ಬಾಗಿಲ ಚೌಕಟ್ಟನ್ನು ತಡವುತ್ತ ನಿಂತಿದ್ದರು. ಆ ತಡವುವ ಬೆರಳುಗಳು ಕಣ್ಣಮುಂದೆ ಬಂದು ಅನ್ನ ಸೇರಲಿಲ್ಲ. ಓಣಿಯ ದೀಪಗಳನ್ನೆಲ್ಲ ಸಂಶಯದಿಂದ ನೋಡುತ್ತ ವಾರ ಕಳೆದೆ. ಕಡೆಗೆ ಅಕ್ಕನಿಗೆ ಹೇಳಿದಾಗ ಅವಳು ನಗಲಿಲ್ಲ. ಸಿಕ್ಕ ಬಸ್ಸು ಹತ್ತಿ ಬೀದರಿಗೆ ಬಂದು, ನನ್ನನ್ನು ಕಣ್ಣಿನ ಡಾಕ್ಟರರ ಬಳಿ ಎಳೆದೊಯ್ದಳು.

"ಎಡಗಣ್ಣ ಮುಚ್ಚಿಕೊಳ್ರಿ. ಈಗ ಹ್ಯಾಂಗ ಕಾಣ್ತದ್ರಿ?" ಎಂದರು ಡಾಕ್ಟರು.

ಮುಚ್ಚಿದೆ. ಗೋಡೆಯ ಅಕ್ಷರಗಳು ಹೊಗೆಯಲ್ಲಿ ಮುಳುಗಿದವು. ಒಳ್ಳೆಯ ಕಣ್ಣು ಇಷ್ಟು ದಿನ ಕೆಟ್ಟ ಕಣ್ಣಿನ ಮಾನ ಕಾಯುತ್ತ ಬಂದಿತ್ತು. ಸರಾಸರಿಯ ಸೌಜನ್ಯ ಎಷ್ಟು ಅಪಾಯಕಾರಿ ನೋಡಿ!

ನನ್ನ ಗಲ್ಲವನ್ನು ಯಂತ್ರದ ಮೇಲೆ ಊರಿಸಿ ಎರಡೂ ಕಣ್ಣು ಅಳೆದ ಮೇಲೆ ಡಾಕ್ಟರು ಹೇಳಿದರು: "ಕಣ್ಣಾಗ ಒತ್ತಡ ಹೆಚ್ಚಾಗ್ಯಾದ್ರಿ. ಹೋದ ನೋಟ ತಿರುಗಿ ಬರಂಗಿಲ್ಲ. ದಿನಾ ಡ್ರಾಪ್ಸ್ ಹಾಕ್ಕೊಂಡ್ರ ಉಳಿದದ್ದು ಉಳಿಸ್ಕೋಬಹುದು." ಆಮೇಲೆ ಅಕ್ಕನ ಕಡೆ ತಿರುಗಿದರು. "ಇದು ಮನಿತನದಾಗ ಬರೋ ಬ್ಯಾನಿರಿ. ನೀವೂ ಕುಂದರ್ರಿ."

ಅಕ್ಕ ಆ ಕುರ್ಚಿಯಲ್ಲಿ ಗಲ್ಲವೂರಿ ಕೂತಾಗ ನನಗಾದ ಹೆದರಿಕೆ ನನ್ನ ಕಣ್ಣಿಗಾಗಿಯೂ ಆಗಿರಲಿಲ್ಲ. ಯಂತ್ರ ಟಕ್ಕೆಂದಾಗಲೆಲ್ಲ ನನ್ನೆದೆಯೂ ಟಕ್ಕೆಂದಿತು.

"ನಿಮ್ಮವು ಸರಿ ಅದಾವ್ರಿ," ಎಂದರು ಡಾಕ್ಟರು.

ಹೊರಗಿನ ಬೆಂಚಿನ ಮೇಲೆ ಕೂತದ್ದೇ ಅಕ್ಕ ಅತ್ತಳು. "ಅಪ್ಪಗ ಇಷ್ಟು ಯಾರೂ ಹೇಳಲಿಲ್ಲಲ್ಲೋ ತಮ್ಮಾ. ನಾನೂ ನರ್ಸ್ ಆಗಿ ಏನ್ ಮಾಡ್ದೆ?"

ಅವಳು ಸೆರಗಿನಿಂದ ಮುಖ ಒರೆಸಿ, ನನ್ನ ಗದ್ದವೆತ್ತಿ, ಡ್ರಾಪ್ಸಿನ ಮೊದಲ ಹನಿ ಬಿಟ್ಟಳು. ಕಣ್ಣು ಉರಿಯಿತು.

"ಮುಚ್ಚೋ," ಎಂದಳು.

ಮುಚ್ಚಲು ಹೆದರಿ, ಅವಳ ಮುಖವನ್ನೇ ನೋಡುತ್ತ ಕೂತೆ.