ಸೋಮಾರಿ ಪಾದ್ರಿಯ ಕಸಿಕಡ್ಡಿ

ಸೆಸಿಲ್ ಪ್ರಾಸರನ ಹೊಟ್ಟೆಕಿಚ್ಚಿಗೆ ಒಂದು ಶಿಸ್ತಿತ್ತು. ಕಂಡಕಂಡವರ ಮೇಲೆಲ್ಲ ಅದನ್ನು ಚೆಲ್ಲುವ ದುಂದುಗಾರ ಅವನಲ್ಲ. ಎಪ್ಪತ್ತಾರು ವರ್ಷದ ಬಾಳಿನಲ್ಲಿ ಇದ್ದದ್ದನ್ನೆಲ್ಲ ಒಬ್ಬನಿಗೇ ಮೀಸಲಿಟ್ಟಿದ್ದ. ಆ ಒಬ್ಬ, ಗಾಡಿದಾರಿಯ ಆಚೆಗಿನ ಸೇಬಿನ ತೋಟದ ರೆಗ್ ಬೇಲಿಸ್.

ಕಾರಣ ಕೇಳಿದರೆ ಸೆಸಿಲ್ ಬಾಯಿ ಬಿಡುತ್ತಿರಲಿಲ್ಲ, ಆದರೆ ಪಟ್ಟಿ ಅವನಿಗೆ ಬಾಯಿಪಾಠವಾಗಿತ್ತು. ರೆಗ್‌ನ ತೋಟ ತೆಂಕಣಕ್ಕೆ ಇಳಿಯುತ್ತದೆ, ಬೆಳಗಾಗುವುದೇ ತಡ ಬಿಸಿಲು ಅಲ್ಲಿ ಬಂದು ಕೂರುತ್ತದೆ. ಅದೇ ಬಿಸಿಲು ಸೆಸಿಲನ ತೋಟಕ್ಕೆ ಕಾಲಿಡುವಾಗ ಗಂಟೆ ಹನ್ನೊಂದು. ರೆಗ್‌ನ ಪೀಪಾಯಿಯ ಸೈಡರ್, ಅಂದರೆ ಸೇಬಿನ ಮದ್ಯ, ಒಮ್ಮೆಯೂ ಹುಳಿತು ಕೆಟ್ಟದ್ದಿಲ್ಲ, ಸೆಸಿಲನದು ಮೂರು ವರ್ಷಕ್ಕೊಮ್ಮೆ ಕೆಡದೆ ಬಿಟ್ಟದ್ದಿಲ್ಲ. ರೆಗ್ ಕಸಿ ಕಟ್ಟಿದರೆ ಕಡ್ಡಿ ಚಿಗುರುತ್ತದೆ, ಸೆಸಿಲ್ ಕಟ್ಟಿದರೆ ಒಣಗುತ್ತದೆ. ಭಾನುವಾರ ಚರ್ಚು ಬಿಟ್ಟದ್ದೇ ಊರಿನ ಅರ್ಧ ಜನ ತಂತಮ್ಮ ಲೋಟ ಹಿಡಿದು ರೆಗ್‌ನ ಸೈಡರ್ ಕೊಟ್ಟಿಗೆಗೆ ನಡೆಯುತ್ತಾರೆ. ಬ್ರೆಡ್ಡು, ಗಟ್ಟಿ ಚೀಸು, ಈರುಳ್ಳಿ ಉಪ್ಪಿನಕಾಯಿ, ಪೀಪಾಯಿಯಿಂದ ನೇರ ಲೋಟಕ್ಕೆ ಇಳಿದ ಸೈಡರ್. ಅಲ್ಲಿನ ನಗು ಬೇಲಿ ದಾಟಿ ಸೆಸಿಲನ ಅಡುಗೆಮನೆಯವರೆಗೆ ಬರುತ್ತದೆ. ಸೆಸಿಲನ ಮನೆಗೆ ಬರುವವರೆಂದರೆ ದನದ ಡಾಕ್ಟರು, ಕರೆಂಟ್ ಮೀಟರ್ ನೋಡುವವನು.

ಮದುವೆಯಾಗದೆ ಉಳಿದು ತಮ್ಮನ ಮನೆ ನಡೆಸುತ್ತಿದ್ದ ಅಕ್ಕ ವಿನ್ನಿ ಇದನ್ನೆಲ್ಲ ನೋಡಿ ಸುಮ್ಮನಿರುವವಳಲ್ಲ.

"ಹೋಗಿ ಒಂದ್ ಲೋಟ ಕುಡ್ಕೊಂಡ್ ಬಾರೋ ಸೆಸಿಲ್. ಕಿಟಕೀಲಿ ನಿಂತು ಕಿವಿ ಉದ್ದ ಮಾಡಿದ್ರೆ ಗಂಟಲು ತೇವ ಆಗತ್ತಾ?"

"ನಂಗೇನ್ ಬಾಯಾರಿಲ್ಲ."

"ಬಾಯಾರಿಲ್ಲ, ಸರಿ. ಹೊಟ್ಟೆ ಉರೀತಿದ್ಯಲ್ಲ, ಅದಕ್ಕಾದ್ರೂ ಕುಡಿ."

ರೆಗ್‌ನ ಬಳಿ ಇಲ್ಲದ್ದು, ಸೆಸಿಲನ ಬಳಿ ಇದ್ದದ್ದು ಒಂದೇ ಒಂದು. ಅದು ಮನೆಯ ಮುಂದಿನ ಪೇರ್ ಮರ, ಮರಸೇಬಿನದು. ಅವನ ಮುತ್ತಜ್ಜ ಹುಟ್ಟುವ ಮೊದಲೇ ಅದು ದೊಡ್ಡ ಮರವಾಗಿತ್ತಂತೆ. ಆ ಹಣ್ಣು ತಿನ್ನುವ ಹಣ್ಣಲ್ಲ, ಕಚ್ಚಿದರೆ ಒಗರಿಗೆ ನಾಲಿಗೆ ಮಡಚಿಕೊಳ್ಳುತ್ತದೆ. ಹಂದಿಯೂ ಮೂಸಿ ಬಿಡುತ್ತದೆ. ಅದನ್ನು ಅರೆದು, ಒಗರು ಇಳಿಯಲೆಂದು ಒಂದು ದಿನ ಹಾಗೇ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಿ, ರಸವನ್ನು ಪೀಪಾಯಿಗೆ ತುಂಬಿ, ಸಕ್ಕರೆ ನೀರು ಏನೂ ಬೆರೆಸದೆ ಅದರ ಪಾಡಿಗೆ ಬಿಟ್ಟರೆ ವಸಂತದ ಹೊತ್ತಿಗೆ ಪೆರಿ ಆಗುತ್ತದೆ. ಸೈಡರ್ ಸೇಬಿನ ಮಗಳಾದರೆ ಪೆರಿ ಪೇರ್‌ನ ಮಗಳು, ಸ್ವಲ್ಪ ಜಂಬ ಜಾಸ್ತಿ. ಮೇ ಎಂಬ ಹೆಸರಿನ ಅಲ್ಲಿಯ ಗುಡ್ಡ ಕಣ್ಣಿಗೆ ಬೀಳುವಷ್ಟು ದೂರದೊಳಗೆ ಬೆಳೆದ ಮರದಿಂದ ಮಾತ್ರ ಒಳ್ಳೆಯ ಪೆರಿ ಬರುತ್ತದೆಂದು ಆ ಕಡೆಯವರ ನಂಬಿಕೆ. ಅಷ್ಟೂ ಸೀಮೆಯಲ್ಲಿ ಸೆಸಿಲನ ಮರದ ಜಾತಿಯದು ಮತ್ತೊಂದಿರಲಿಲ್ಲ. ಉಳಿದ ಪೇರ್‌ಗಳೆಲ್ಲ ಉದುರಿ ಮುಗಿದರೂ ನವೆಂಬರ್‌ವರೆಗೆ ಕೊಂಬೆ ಬಿಡದೆ ಮಲಗಿರುತ್ತಿದ್ದ ಹಣ್ಣಿಗೆ ಹಳಬರು ಇಟ್ಟ ಹೆಸರು ಸೋಮಾರಿ ಪಾದ್ರಿ. ಅದರ ಪೆರಿ ಬಾಯಿಗೆ ಬಿದ್ದರೆ ಮೊದಲು ಹೂವಿನ ಘಮ, ಆಮೇಲೆ ಸಣ್ಣ ಒಗರು, ನುಂಗಿದ ಮೇಲೆ ಕಾಲು ಗಂಟೆ ಅದರದೇ ಯೋಚನೆ.

ಸೆಸಿಲನ ಅಪ್ಪನನ್ನು ಮಣ್ಣು ಮಾಡಿದ ದಿನ ಬಂದವರಿಗೆಲ್ಲ ಆ ಪೆರಿಯನ್ನೇ ಕೊಟ್ಟಿದ್ದರು. ಒಂದು ಗುಟುಕು ಕುಡಿದ ರೆಗ್ ಮಾತು ನಿಲ್ಲಿಸಿ ಲೋಟದೊಳಗೆ ನೋಡುತ್ತ ನಿಂತ. ಸೆಸಿಲ್ ಅಪ್ಪನನ್ನು ಕಳೆದುಕೊಂಡ ದುಃಖದ ನಡುವೆಯೂ ಅದನ್ನು ಗಮನಿಸಿದ. ಖುಷಿಯಾಯಿತು.

ಮುಂದಿನ ಜನವರಿಯಲ್ಲಿ ರೆಗ್ ಟೋಪಿ ಕೈಯಲ್ಲಿ ಹಿಡಿದು ಬಂದ. ಆಗ ಸೆಸಿಲನಿಗೆ ಐವತ್ತೊಂದು, ರೆಗ್‌ಗೆ ನಲವತ್ತೊಂಬತ್ತು.

"ಸೆಸಿಲ್, ಒಂದ್ ಮಾತು ಕೇಳ್ಲಾ? ಪಾದ್ರಿದು ನಾಲ್ಕು ಕಡ್ಡಿ ಕೊಡು. ಕಸಿ ಕಟ್ತೀನಿ. ಇರೋದು ಒಂದೇ ಮರ, ನಾಳೆ ಏನಾದ್ರೂ ಆದ್ರೆ ಜಾತಿನೇ ಹೋಗತ್ತೆ."

"ಅದಕ್ಕೇನು. ನಾನೇ ಕೊಯ್ದು ತಂದ್ಕೊಡ್ತೀನಿ."

ಹೇಳುವಾಗ ಮನಸ್ಸಿನಲ್ಲಿ ಮೋಸವಿರಲಿಲ್ಲ. ಚಾಕು ತೆಗೆದುಕೊಂಡು ಮರದ ಕೆಳಗೆ ಹೋಗಿ ಕೈ ಎತ್ತಿಯೂ ಆಯಿತು. ಎತ್ತಿದ ಕೈ ಹಾಗೇ ನಿಂತಿತು. ಬಿಸಿಲು ರೆಗ್‌ನದು, ಜನ ಅವನವರು, ನಗು ಅವನದು, ಇನ್ನು ಇದೂ ಅವನದಾಗಬೇಕೆ? ಸೆಸಿಲ್ ಕೈ ಇಳಿಸಿ ಹಂದಿಗೂಡಿನ ಹಿಂದಕ್ಕೆ ನಡೆದ. ಅಲ್ಲಿ ಪಾದ್ರಿಯ ಬೀಜವೇ ಬಿದ್ದು ಬೆಳೆದಿದ್ದ, ಹೆಸರಿಲ್ಲದ ಒಂದು ಕಾಡುಪೇರ್ ಇತ್ತು. ಎಲೆ ಅದೇ, ತೊಗಟೆ ಅದೇ, ನೋಡಿದರೆ ಒಂದೇ ಮನೆಯದೆನ್ನಬೇಕು. ಆದರೆ ಬೀಜದ ಮರಕ್ಕೆ ತಾಯಿಮರದ ಗುಣ ಬರುವುದಿಲ್ಲ, ಅದರ ಹಣ್ಣನ್ನು ಯಾರೂ ಆಯ್ದವರಿಲ್ಲ. ನಾಲ್ಕು ಕಡ್ಡಿ ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ, ದಾರ ಬಿಗಿದು ಕೊಟ್ಟ. ರೆಗ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಎರಡು ವರ್ಷದ ಮೇಲೆ, ಯಾರಾದರೂ ತಾಳೆ ನೋಡಿಬಿಟ್ಟಾರೆಂಬ ಭಯಕ್ಕೆ, ಸೆಸಿಲ್ ಕಾಡುಪೇರನ್ನು ಕಡಿದು ಒಲೆಗೆ ಹಾಕಿದ.

ನಾಲ್ಕರಲ್ಲಿ ಮೂರು ಕಡ್ಡಿ ರೆಗ್‌ನ ತೋಟದಲ್ಲಿ ಮರವಾದವು. ಪೇರ್ ನಿಧಾನದ ಮರ, ಪೀಪಾಯಿ ತುಂಬುವಷ್ಟು ಫಲ ಬರಲು ಹದಿನೇಳು ವರ್ಷ ಹಿಡಿಯಿತು. ಆ ಹದಿನೇಳು ವರ್ಷವೂ ಸೆಸಿಲ್ ನೆಮ್ಮದಿಯಿಂದಿದ್ದ. ಕಾಡುಪೇರ್‌ನ ರಸ ಬಾಯಿಗಿಟ್ಟು ರೆಗ್ ಮುಖ ಕಿವುಚುವುದನ್ನು ಊಹಿಸಿಕೊಂಡೇ ಎಷ್ಟೋ ಸಂಜೆ ಕಳೆದಿದ್ದ.

ಮೇ ತಿಂಗಳ ರಜೆಯಲ್ಲಿ ಊರ ಸಭಾಭವನದಲ್ಲಿ ಪೆರಿ ಮತ್ತು ಸೈಡರ್ ಪರೀಕ್ಷೆ ನಡೆಯುತ್ತದೆ. ಉದ್ದದ ಮೇಜು, ಬಿಳಿ ಬಟ್ಟೆ, ಹೆಸರಿಲ್ಲದೆ ಬರೀ ನಂಬರು ಹೊತ್ತ ಹೂಜಿಗಳು. ಹೊರಗಿನ ತೀರ್ಪುಗಾರರಿಲ್ಲ, ಮಾಡಿದವರೇ ಒಬ್ಬರದನ್ನೊಬ್ಬರು ಕುಡಿದು ಅಂಕ ಹಾಕಬೇಕು. ಬೆಳಿಗ್ಗೆ ಎಲ್ಲರೂ ಮೂಗು ಮುಂದೆ ಮಾಡಿ ಗಂಭೀರವಾಗಿರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಹೆಗಲ ಮೇಲೆ ಕೈ ಹಾಕಿಕೊಂಡು ಹಾಡುತ್ತಿರುತ್ತಾರೆ. ಆ ವರ್ಷ ಸೆಸಿಲ್ ಹದಿನಾಲ್ಕನೇ ಹೂಜಿಯಿಂದ ಒಂದಿಷ್ಟು ಬಗ್ಗಿಸಿ ಕುಡಿದ. ಕುಡಿದು ಅಲ್ಲೇ ನಿಂತ. ತಿಳಿಯಾಗಿತ್ತು, ಚುರುಕಾಗಿತ್ತು, ಪಾದ್ರಿಯ ಘಮ ಇರಲಿಲ್ಲ ನಿಜ, ಆದರೆ ಅದಕ್ಕೆ ಅದರದೇ ಒಂದು ತುಂಟತನವಿತ್ತು. ಯಾರದೆಂದು ತಿಳಿಯುವುದು ಕಷ್ಟವಾಗಲಿಲ್ಲ. ಇಪ್ಪತ್ತಕ್ಕೆ ಏಳು ಅಂಕ ಹಾಕಿದ. ಅವನೊಬ್ಬನ ಏಳಿನಿಂದ ಏನೂ ಕೆಡಲಿಲ್ಲ. ಹದಿನಾಲ್ಕನೇ ಹೂಜಿಗೆ ಮೊದಲ ಬಹುಮಾನ ಬಂತು, ಸೆಸಿಲನದಕ್ಕೆ ಎರಡನೆಯದು.

ತಾನು ಹಂದಿಗೂ ಬೇಡವೆಂದು ಬಿಟ್ಟಿದ್ದ ಮರ ರೆಗ್‌ನ ಕೈಗೆ ಹೋಗಿ ಬಂಗಾರವಾಗಿತ್ತು. ತನ್ನಲ್ಲಿದ್ದ ಅದರ ಮೂಲ ಮರವನ್ನೂ ಒಲೆಗೆ ಹಾಕಿದ್ದು ತಾನೇ. ಸೆಸಿಲನಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ಅದು ಸಾಲದೆಂಬಂತೆ ರೆಗ್ ಬಹುಮಾನದ ಬಟ್ಟಲು ಹಿಡಿದು ಎಲ್ಲರೆದುರು ಅಂದ:

"ಇದು ಸೆಸಿಲ್ ಕೊಟ್ಟ ಕಡ್ಡಿ. ಅವನ ಮಣ್ಣಲ್ಲಿ ಅದು ಪಾದ್ರಿ, ನನ್ನ ಮಣ್ಣಲ್ಲಿ ಬರೀ ಚರ್ಚಿನ ಗಂಟೆ ಹೊಡೆಯೋನು. ಬಹುಮಾನ ನೀವು ತಪ್ಪು ಜಾಗಕ್ಕೆ ಕೊಟ್ಟಿದೀರಿ."

ಜನ ನಕ್ಕು ಚಪ್ಪಾಳೆ ತಟ್ಟಿದರು. ಸೆಸಿಲನೂ ತಟ್ಟಿದ. ಗೆದ್ದವನ ವಿನಯಕ್ಕಿಂತ ದೊಡ್ಡ ಅಹಂಕಾರ ಯಾವುದಿದೆ ಎಂದು ಮನೆಯವರೆಗೂ ಹಲ್ಲು ಕಡಿದ. ಮುಂದಿನ ವರ್ಷವೂ ರೆಗ್ ಅದನ್ನೇ ಹೇಳಿದ. ಅದರ ಮುಂದಿನ ವರ್ಷವೂ. ಪ್ರತಿ ಸಲವೂ ಅದು ತನಗೆ ಹೊಡೆದ ಮಾತೆಂದೇ ಸೆಸಿಲ್ ಲೆಕ್ಕ ಹಾಕಿದ.

ಸೆಸಿಲನಿಗೆ ಎಪ್ಪತ್ತಾರು ತುಂಬಿದ ವರ್ಷ, ಫೆಬ್ರವರಿಯ ಗಾಳಿಗೆ ಸೋಮಾರಿ ಪಾದ್ರಿ ಬುಡಮೇಲಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಮರ ಗಾಡಿದಾರಿಗೆ ಅಡ್ಡ ಮಲಗಿತ್ತು, ಬೇರಿನ ಜಟೆ ಮಣ್ಣು ಸಮೇತ ಮನೆಯ ಮಾಡಿನಷ್ಟು ಎತ್ತರಕ್ಕೆ ಎದ್ದು ನಿಂತಿತ್ತು. ಹಾಲಿನ ಲಾರಿಗೆ ದಾರಿಯಾಗಬೇಕೆಂದು ಅಕ್ಕಪಕ್ಕದವರು ಗರಗಸ ತಂದರು. ಕೊಂಬೆ ಕೊಯ್ದು ಕೊಯ್ದು ಹೊಲದ ಮೂಲೆಗೆ ಎಳೆದು ರಾಶಿ ಹಾಕಿದರು. ಮಧ್ಯಾಹ್ನ ಬೆಂಕಿ ಕೊಡುವುದೆಂದು ಮಾತಾಯಿತು.

ವಿನ್ನಿ ಚಹಾ ತಂದು ತಮ್ಮನ ಕೈಗಿಟ್ಟಳು. ಎಂದೂ ಇಲ್ಲದೆ ಮೆತ್ತಗೆ ಮಾತಾಡಿದಳು.

"ಹೋಗ್ಲಿ ಬಿಡೋ. ಒಳ್ಳೇ ಕಾಲಕ್ಕೆ ರೆಗ್‌ಗೆ ಕಡ್ಡಿ ಕೊಟ್ಟಿದ್ದೆ. ನಿನ್ನ ಜನ್ಮದಲ್ಲಿ ಮಾಡಿದ ಒಂದ್ ಒಳ್ಳೇ ಕೆಲ್ಸ ಅದು. ಜಾತಿ ಉಳೀತು."

ಸೆಸಿಲ್ ಚಹಾ ಕುಡಿಯಲಿಲ್ಲ. ಗರಗಸ ಹಿಡಿದವರೂ ಬಂದು ಬಂದು ಅದನ್ನೇ ಹೇಳಿ ಬೆನ್ನು ತಟ್ಟಿ ಹೋದರು. ಕೊನೆಗೆ ರೆಗ್ ಬಂದ. ಹೆಂಡತಿ ಜೋನ್ ಹೋದ ಮೇಲೆ ಅವನೂ ಸ್ವಲ್ಪ ಬಾಗಿದ್ದ. ಮರದ ಉದ್ದಕ್ಕೂ ಕೈಯಾಡಿಸುತ್ತ ನಡೆದು ಸೆಸಿಲನ ಹತ್ತಿರ ನಿಂತ.

"ಎದೆ ಒಡ್ಕೋಬೇಡ ಸೆಸಿಲ್. ಇವನ ಮೂರು ಮಕ್ಕಳು ನನ್ನ ಹತ್ರ ಇದಾವಲ್ಲ. ಇವತ್ತೇ ಕಡ್ಡಿ ಕೊಯ್ದು ತರ್ತೀನಿ, ನಾನೇ ಕಸಿ ಕಟ್ಟಿ ಇಲ್ಲೇ ನೆಟ್ಟುಕೊಡ್ತೀನಿ. ನೀನು ಕೊಟ್ಟಿದ್ದು ನಿಂಗೇ ವಾಪಸ್."

ಸೆಸಿಲ್ ರಾಶಿಯ ಕಡೆ ನೋಡಿದ. ಮೊಗ್ಗುಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಆ ಕಡ್ಡಿಗಳಲ್ಲಿ ಇನ್ನೂ ಜೀವವಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಮಧ್ಯಾಹ್ನಕ್ಕೆ ಎಲ್ಲ ಬೂದಿ. ತಾನು ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಪಾದ್ರಿಯ ಪೆರಿ ರೆಗ್‌ಗೂ ಸಿಗುವುದಿಲ್ಲ, ಇನ್ನಾರಿಗೂ ಸಿಗುವುದಿಲ್ಲ. ತನ್ನದು ತನ್ನ ಜೊತೆಗೇ ಮುಗಿಯುತ್ತದೆ. ಆ ಯೋಚನೆ ಒಂದು ಕ್ಷಣ ಎಷ್ಟು ಹಿತವಾಗಿತ್ತೆಂದರೆ ಸೆಸಿಲನಿಗೇ ಹೆದರಿಕೆಯಾಯಿತು.

"ನಿನ್ನ ಹತ್ರ ಇರೋದು ಪಾದ್ರಿ ಅಲ್ಲ," ಅಂದ.

"ಏನು?"

"ಆ ಮೂರೂ ಈ ಮರದ್ದಲ್ಲ. ಹಂದಿಗೂಡಿನ ಹಿಂದೆ ಒಂದು ಕಾಡುಪೇರ್ ಇತ್ತು. ಅದರ ಕಡ್ಡಿ ಕೊಟ್ಟೆ. ಬೇಕೂಂತಲೇ ಕೊಟ್ಟೆ. ಕೊಡೋಕೆ ಮನಸ್ಸು ಬರ್ಲಿಲ್ಲ."

ರೆಗ್ ಬಿದ್ದ ಬೊಡ್ಡೆಯ ಮೇಲೆ ಮೆಲ್ಲಗೆ ಕೂತ. ಬೈಗುಳಕ್ಕೆ ಸೆಸಿಲ್ ತಯಾರಾಗಿದ್ದ, ಏಟಿಗೂ ತಯಾರಾಗಿದ್ದ. ರೆಗ್ ತನ್ನ ಬೂಟು ನೋಡುತ್ತ, ತನಗೆ ತಾನೇ ಹೇಳಿಕೊಂಡಂತೆ ಅಂದ:

"ಹಂಗಾದ್ರೆ ತಪ್ಪು ನನ್ನ ಮಣ್ಣಿಂದಲ್ಲ."

ಸೆಸಿಲನಿಗೆ ಅರ್ಥವಾಗಲಿಲ್ಲ.

"ಆ ಮರಗಳ ಬುಡಕ್ಕೆ ಎಷ್ಟು ಸುಣ್ಣ ಹೊತ್ತು ಹಾಕಿದೀನಿ ಗೊತ್ತಾ ನಿಂಗೆ? ಎರಡು ಬೇಸಿಗೆ ಕಾಲುವೆ ತೋಡ್ದೆ. ಚೆನ್ನಾಗೇ ಇದ್ಯಲ್ಲ, ಬಹುಮಾನನೂ ಬಂತಲ್ಲ ಅಂತ ಜೋನ್ ಬೈತಿದ್ಲು. ಚೆನ್ನಾಗಿದೆ, ಆದ್ರೆ ಸೆಸಿಲ್‌ದು ಅಲ್ಲ ಅಂತಿದ್ದೆ. ಸಾಯೋವರೆಗೂ ಪಾಪ ಇದೇ ಪುರಾಣ ಕೇಳಿದ್ಲು. ನೀನು ನವೆಂಬರಲ್ಲಿ ಹಣ್ಣು ಆಯ್ತಿದ್ರೆ ನಾನು ಕಿಟಕೀಲಿ ನಿಂತು ನೋಡ್ತಿದ್ದೆ. ಆ ಹಾಳು ಮಣ್ಣಲ್ಲಿ ಅಂಥದ್ದೇನಿದೆ, ನನ್ನಲ್ಲಿ ಏನಿಲ್ಲ ಅಂತ. ಹೊಟ್ಟೆ ಉರೀತಿತ್ತು ಮಾರಾಯ. ನಾಚ್ಕೆ ಆಗೋಷ್ಟು ಉರೀತಿತ್ತು."

ಬದುಕಿಡೀ ಸೆಸಿಲ್ ಈ ಒಂದು ಮಾತಿಗೆ ಕಾದಿದ್ದ. ರೆಗ್ ಬೇಲಿಸ್‌ಗೆ ತನ್ನ ಮೇಲೆ ಹೊಟ್ಟೆಕಿಚ್ಚು. ಮಾತು ಬಂದೂ ಬಂತು. ಅದನ್ನು ಅವನು ನುಂಗಲಾಗದೆ ಉಗುಳಲಾಗದೆ ನಿಂತ, ಯಾಕೆಂದರೆ ಹೇಳಿದವನ ಕಣ್ಣಲ್ಲಿ ನೀರಿತ್ತು. ಸಭಾಭವನದಲ್ಲಿ ರೆಗ್ ವರ್ಷ ವರ್ಷ ಹೇಳಿದ್ದೆಲ್ಲ ಕುಹಕವಲ್ಲ, ಬರೀ ನಿಜ.

ರೆಗ್ ಎದ್ದು ಜೇಬಿನಿಂದ ಚಾಕು ತೆಗೆದ. ರಾಶಿಯ ಹತ್ತಿರ ಹೋಗಿ ಹೋದ ವರ್ಷದ ನುಣುಪು ಕಡ್ಡಿಗಳನ್ನು ಹುಡುಕಿ ಒಂದೊಂದಾಗಿ ಕೊಯ್ದ. ಇಪ್ಪತ್ತಾದ ಮೇಲೆ ದಾರ ಸುತ್ತುತ್ತ ಅಂದ:

"ಅವತ್ತು ಕೊಟ್ಟಿದ್ರೆ ಇಷ್ಟು ಹೊತ್ತಿಗೆ ಇಬ್ರೂ ಕೂತು ಕುಡೀತಿದ್ವಿ. ಇನ್ನು ಇದು ಹಣ್ಣು ಬಿಡೋ ಹೊತ್ತಿಗೆ ನೀನೂ ಇರಲ್ಲ, ನಾನೂ ಇರಲ್ಲ."

"ಹೌದು."

"ಇದನ್ನ ನಾನು ಮರೀತೀನಿ ಅನ್ಕೋಬೇಡ."

"ಇಲ್ಲ."

"ಕಟ್ಟಿದ್ಮೇಲೆ ಎಲ್ಲಿ ನೆಡ್ಲಿ? ಇಲ್ಲೇ ತಾನೆ, ಹಳೇ ಜಾಗದಲ್ಲೇ?"

ಸೆಸಿಲ್ ಬೇರು ಕಿತ್ತು ಬಂದಿದ್ದ ಗುಂಡಿಯನ್ನು ನೋಡಿದ. ಗಂಟೆ ಹನ್ನೊಂದಾಗುತ್ತ ಬಂದಿತ್ತು, ಬಿಸಿಲು ಇನ್ನೂ ಆ ಕಡೆಯೇ ಇತ್ತು. ಇಲ್ಲೇ ನೆಡು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದು ಅವನ ಹಕ್ಕೂ ಆಗಿತ್ತು.

"ನಿನ್ನಲ್ಲೇ ನೆಡು," ಅಂದ. "ನಿನ್ನ ಮಣ್ಣು ಚೆನ್ನಾಗಿದೆ. ಯಾವತ್ತಿಗೂ ನಿಂದೇ ಚೆನ್ನಾಗಿತ್ತು."

ರೆಗ್ ಕಂತೆಯನ್ನು ಕಂಕುಳಲ್ಲಿಟ್ಟುಕೊಂಡು ಗಾಡಿದಾರಿ ದಾಟಿ ತನ್ನ ಗೇಟು ತೆರೆದ. ಸೆಸಿಲನ ಹೊಟ್ಟೆಕಿಚ್ಚೇನೂ ಆರಿರಲಿಲ್ಲ. ಆ ಕಂತೆ ರೆಗ್‌ನ ಕಂಕುಳಲ್ಲಿ ಅವನದೇ ಎಂಬಷ್ಟು ಸಲೀಸಾಗಿ ಕೂತದ್ದು ಕಂಡು ಮತ್ತೊಮ್ಮೆ ಭಗ್ಗೆಂದಿತು. ಆದರೂ ಅವನು ಕೂಗಿ ಕರೆಯಲಿಲ್ಲ, ಗೇಟು ಮುಚ್ಚುವವರೆಗೂ ಅಲ್ಲೇ ನಿಂತಿದ್ದ.